ಟರ್ಬೊ ಕಾರಿಗೆ ಎಷ್ಟು ಭಾರದ ಫ್ಲೈವೀಲ್?

ಸ್ಪೋರ್ಟ್ಸ್ ಕಾರನ್ನು ಇನ್ನಷ್ಟು ಚುರುಕುಗೊಳಿಸಲು ಹೊರಟವರ ಕಣ್ಣು ಬೇಗ ಬೀಳುವುದು ಫ್ಲೈವೀಲಿನ ಮೇಲೆ. ಕ್ರ್ಯಾಂಕ್‌ಶಾಫ್ಟಿನ ತುದಿಗೆ ಬಿಗಿದ ಈ ಲೋಹದ ತಟ್ಟೆ ಹಗುರಾದಷ್ಟೂ ಒಳ್ಳೆಯದೆಂಬ ನಂಬಿಕೆ ಬಲವಾಗಿದೆ. ಟರ್ಬೊ ಇಲ್ಲದೆ, ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಕೊಡುವ ಎಂಜಿನ್‌ಗಳ ಮಟ್ಟಿಗೆ ಅದರಲ್ಲಿ ಹುರುಳಿದೆ. ಟರ್ಬೊ ಎಂಜಿನ್ನಿನ ಲೆಕ್ಕ ಬೇರೆ. ಅಲ್ಲಿ ಫ್ಲೈವೀಲಿನ ತೂಕ ಬರೀ ಹೊರೆಯಲ್ಲ; ಟರ್ಬೊ ವೇಗ ಪಡೆಯುವವರೆಗೆ ಕಾರನ್ನು ಸಾಗಿಸುವ ಶಕ್ತಿಯ ದಾಸ್ತಾನೂ ಹೌದು. ಹಾಗಾಗಿ ರಸ್ತೆಯಲ್ಲಿ ಓಡುವ ಟರ್ಬೊ ಕಾರಿಗೆ ಅತಿ ಹಗುರ ಫ್ಲೈವೀಲ್ ಹೊಂದುವುದಿಲ್ಲ ಎಂಬುದು ನನ್ನ ವಾದ.

ಹಗುರಗೊಳಿಸಿದರೆ ಸಿಗುವ ಲಾಭವನ್ನು ಮೊದಲು ಅಳೆಯೋಣ. 8 ಕೆಜಿ ತೂಕದ, 28 ಸೆಂಟಿಮೀಟರ್ ವ್ಯಾಸದ ಸಮ ದಪ್ಪದ ತಟ್ಟೆಯೊಂದು 1400 ಕೆಜಿಯ ಕಾರಿನಲ್ಲಿದೆ, ಚಕ್ರದ ತ್ರಿಜ್ಯ 30 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಂದನೇ ಗೇರಿನಲ್ಲಿ ಎಂಜಿನ್ 14 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗಿದರೆ, ಆ ತಟ್ಟೆಯ ಜಡತ್ವ ಕಾರಿಗೆ ಸುಮಾರು 170 ಕೆಜಿ ಹೆಚ್ಚುವರಿ ಹೊರೆಯಂತೆ ಕಾಡುತ್ತದೆ. ತೂಕವನ್ನು ಅರ್ಧಕ್ಕಿಳಿಸಿದರೆ 85 ಕೆಜಿ ಉಳಿಯುತ್ತದೆ, ವೇಗೋತ್ಕರ್ಷ ಸುಮಾರು ಶೇ 6ರಷ್ಟು ಹೆಚ್ಚುತ್ತದೆ. ಆದರೆ ಈ ಹೊರೆ ಗೇರ್ ಅನುಪಾತದ ವರ್ಗಕ್ಕೆ ತಕ್ಕಂತೆ ಕುಸಿಯುವುದರಿಂದ, ಅನುಪಾತ 5.5 ಇರುವ ಮೂರನೇ ಗೇರಿನಲ್ಲಿ ಉಳಿತಾಯ 13 ಕೆಜಿ ಮಾತ್ರ. ಅನುಪಾತ 3 ಇರುವ ಕೊನೆಯ ಗೇರಿನಲ್ಲಿ ಬರೀ 4 ಕೆಜಿ.

ಇನ್ನು ನಷ್ಟ. 1992ರಲ್ಲಿ ಬಂದ ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ ಮತ್ತು ಸುಬಾರು ಇಂಪ್ರೆಝಾ ಡಬ್ಲ್ಯುಆರ್‌ಎಕ್ಸ್‌ಗಳನ್ನೇ ನೋಡಿ. ಎರಡೂ 2 ಲೀಟರ್ ಟರ್ಬೊ ಎಂಜಿನ್ನಿನ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ಕಾರುಗಳು. ನಾಲ್ಕು ಟೈರುಗಳ ಹಿಡಿತ ಬಿಗಿ. ಹೊರಡುವಾಗ ಅವು ಸುಲಭಕ್ಕೆ ಜಾರುವುದಿಲ್ಲ. ಟರ್ಬೊದ ಒತ್ತಡ ಇನ್ನೂ ಏರದ ಎಂಜಿನ್ ಆ ಹಿಡಿತದೆದುರು ಉಸಿರುಗಟ್ಟುತ್ತದೆ. ನಮ್ಮ 8 ಕೆಜಿಯ ತಟ್ಟೆ 4000 ಆರ್‌ಪಿಎಂನಲ್ಲಿ ಸುಮಾರು 7 ಕಿಲೋಜೂಲ್ ಶಕ್ತಿಯನ್ನು ಹಿಡಿದಿಟ್ಟಿರುತ್ತದೆ. 1400 ಕೆಜಿಯ ಕಾರು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಸಾಗುವಾಗಿನ ಚಲನಶಕ್ತಿ 5.4 ಕಿಲೋಜೂಲ್. ಕ್ಲಚ್ಚಿನಲ್ಲಿ ಒಂದು ಪಾಲು ಶಾಖವಾಗಿ ಹೋದರೂ, ಹೊರಡುವ ಆ ಗಳಿಗೆಯಲ್ಲಿ ಇದು ಸಣ್ಣ ನೆರವಲ್ಲ. ತೂಕ ಅರ್ಧವಾದರೆ ನೆರವೂ ಅರ್ಧವಾಗುತ್ತದೆ.

ಹಗುರ ಫ್ಲೈವೀಲಿನಿಂದ ಆರ್‌ಪಿಎಂ ಬೇಗ ಏರಿ ಟರ್ಬೊವೂ ಬೇಗ ಎಚ್ಚೆತ್ತುಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಟರ್ಬೈನನ್ನು ತಿರುಗಿಸುವುದು ಹೊರಹೋಗುವ ಬಿಸಿ ಅನಿಲದ ಹರಿವು. ಆ ಹರಿವು ಬಲವಾಗಲು ಎಂಜಿನ್ನಿನ ಮೇಲೆ ಭಾರ ಬೀಳಬೇಕು. ನ್ಯೂಟ್ರಲ್‌ನಲ್ಲಿ ಸೂಜಿ ಸರ್ರನೆ ಮೇಲೇರಿದರೂ ಟರ್ಬೊ ಒತ್ತಡ ಹೆಚ್ಚು ಏರದಿರುವುದು ಇದಕ್ಕೇ. ಗೇರಿಗೆ ಬಿದ್ದ ಮೇಲಂತೂ ಎಂಜಿನ್ನಿನ ವೇಗ ಚಕ್ರಗಳ ವೇಗಕ್ಕೆ ಕಟ್ಟುಬಿದ್ದಿರುತ್ತದೆ. ರ‍್ಯಾಲಿ ಕಾರುಗಳು ಹಗುರ ಫ್ಲೈವೀಲ್ ಬಳಸುತ್ತವಲ್ಲ ಎಂಬುದು ಇನ್ನೊಂದು ಆಕ್ಷೇಪ. ಅವುಗಳಲ್ಲಿ ಆ್ಯಂಟಿ-ಲ್ಯಾಗ್ ವ್ಯವಸ್ಥೆಯಿದೆ. ಚಾಲಕ ಕಾಲೆತ್ತಿದಾಗಲೂ ಎಕ್ಸಾಸ್ಟ್ ಕೊಳವೆಯಲ್ಲಿ ಇಂಧನ ಉರಿದು ಟರ್ಬೈನ್ ನಿಲ್ಲದಂತೆ ತಿರುಗುತ್ತಿರುತ್ತದೆ. ಗೇರ್ ಕಣ್ಣೆವೆಯಿಕ್ಕುವಷ್ಟರಲ್ಲಿ ಬದಲಾಗುತ್ತದೆ. ಟರ್ಬೊದ ಆಯಸ್ಸನ್ನೇ ಬೆಲೆಯಾಗಿ ತೆತ್ತು ಪಡೆದ ಈ ಅನುಕೂಲ ರಸ್ತೆಯ ಕಾರಿಗೆ ದಕ್ಕುವುದಿಲ್ಲ. ಗೇರ್ ಇಳಿಸುವಾಗ ಆರ್‌ಪಿಎಂ ಹೊಂದಿಸುವುದು ಹಗುರ ಫ್ಲೈವೀಲಿನಲ್ಲಿ ಸಲೀಸೆಂಬುದು ನಿಜ. ಆದರೆ ಗೇರ್ ಏರಿಸುವಾಗ ಕೈ ತುಸು ತಡವಾದರೂ ಆರ್‌ಪಿಎಂ ಕುಸಿದು ಕಾರು ಮುಗ್ಗರಿಸುತ್ತದೆ.

ಆದ್ದರಿಂದ ದೊಡ್ಡ ಟರ್ಬೊ, ದೂರದೂರದ ಗೇರ್ ಅನುಪಾತಗಳಿದ್ದರೆ ಮೂಲ ತೂಕದ ಹತ್ತಿರವೇ ಇರಬೇಕು. ಬೇಗ ಎಚ್ಚೆತ್ತುಕೊಳ್ಳುವ ಸಣ್ಣ ಟರ್ಬೊ, ಒತ್ತೊತ್ತಾದ ಗೇರುಗಳಿದ್ದರೆ ಕಾಲುಭಾಗ ಇಳಿಸಬಹುದು. ಹಳೆಯ ಎರಕದ ಕಬ್ಬಿಣದ ತಟ್ಟೆಯನ್ನೇ ಕೊರೆದು ತೆಳ್ಳಗೆ ಮಾಡಬಾರದು. ಹೆಚ್ಚಿನ ವೇಗದಲ್ಲಿ ಅದು ಸಿಡಿದರೆ ಚೂರುಗಳು ಕಾಲಬಳಿಯೇ ನುಗ್ಗುತ್ತವೆ. ಫೋರ್ಜ್ ಮಾಡಿದ ಉಕ್ಕಿನದನ್ನು ಕೊಳ್ಳಬೇಕು. ಅಂಚಿನಲ್ಲಿರುವ ಲೋಹದ ಪ್ರಭಾವ ನಡುವಿನದಕ್ಕಿಂತ ಬಹಳ ಹೆಚ್ಚಾದ್ದರಿಂದ, ಮಾರುವವರಲ್ಲಿ ಕೇಳಬೇಕಾದದ್ದು ಎಷ್ಟು ಕೆಜಿ ಎಂದಲ್ಲ, ತಿರುಗುವ ಜಡತ್ವ ಎಷ್ಟು ಎಂದು.