ಲಕೋಟೆಯ ಮೇಲಿನ ಚುನಾವಣೆ

ಬಂದ ಕಾಗದವನ್ನು ಜೋಪಾನವಾಗಿ ತೆಗೆದಿಡುವವರುಂಟು. ಅದರ ಲಕೋಟೆಯನ್ನು ತೆಗೆದಿಡುವವರು ವಿರಳ. ಆದರೆ ಕೇವಲ ಲಕೋಟೆಗಳಿಗಾಗಿಯೇ ಹರಾಜಿನಲ್ಲಿ ಪೈಪೋಟಿ ನಡೆಸುವ ಸಂಗ್ರಾಹಕರು ಅಮೆರಿಕದಲ್ಲಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದವರ ಚಿತ್ರಗಳನ್ನು ಅಚ್ಚುಹಾಕಿದ ಪ್ರಚಾರ ಲಕೋಟೆಗಳವು.

ಆ ದೇಶದಲ್ಲಿ ಮೊದಲು ಅಂಚೆಯ ದರ ಹಾಳೆಗಳ ಎಣಿಕೆಯನ್ನು ಅನುಸರಿಸುತ್ತಿತ್ತು. ಲಕೋಟೆಯೂ ಒಂದು ಹಾಳೆಯೆಂದೇ ಲೆಕ್ಕ. ಆದಕಾರಣ ಜನರು ಪತ್ರವನ್ನೇ ಮಡಿಸಿ, ಅರಗಿನ ಮುದ್ರೆಯೊತ್ತಿ, ಮೇಲೆ ವಿಳಾಸ ಬರೆಯುತ್ತಿದ್ದರು. 1845ರಲ್ಲಿ ದರ ತೂಕಕ್ಕೆ ಬದಲಾಯಿತು. 1851ರಲ್ಲಿ ಮುಂಗಡ ತೆತ್ತ ಸಾಧಾರಣ ಪತ್ರಕ್ಕೆ 3 ಸೆಂಟು ನಿಗದಿಯಾಯಿತು. ಲಕೋಟೆ ಮನೆಮನೆಯ ವಸ್ತುವಾಯಿತು. ಅದರ ಬರಿದಾದ ಮೂಲೆ ಮುದ್ರಕರ ಕಣ್ಣಿಗೆ ಬಿದ್ದುದರಲ್ಲಿ ಆಶ್ಚರ್ಯವೇನಿದೆ?

1860ರ ಚುನಾವಣೆಯಲ್ಲಿ ಲಿಂಕನ್, ಡಗ್ಲಸ್, ಬ್ರೆಕಿನ್‌ರಿಜ್, ಬೆಲ್ ಎಂಬ ನಾಲ್ವರು ಕಣದಲ್ಲಿದ್ದರು. ಅಂದಿನ ಲಕೋಟೆಗಳ ಲಿಂಕನ್‌ಗೆ ಗಡ್ಡವಿಲ್ಲ! ಗಡ್ಡ ಬಿಟ್ಟರೆ ಮುಖ ಚೆನ್ನಾಗಿ ಕಾಣುವುದೆಂದು ಗ್ರೇಸ್ ಬೆಡೆಲ್ ಎಂಬ ಹನ್ನೊಂದು ವರ್ಷದ ಬಾಲಿಕೆ ಅವನಿಗೆ ಬರೆದದ್ದು ಆ ಅಕ್ಟೋಬರಿನಲ್ಲಿ. ಅವನು ಗಡ್ಡ ಬೆಳೆಸಿದ್ದು ಗೆದ್ದ ಮೇಲೆ. ಯೌವನದಲ್ಲಿ ಅವನು ಮರ ಸೀಳಿ ಬೇಲಿಯ ಗಳುಗಳನ್ನು ಮಾಡಿದುದರ ನೆನಪಿಗೆ, ಕೆಲವು ಲಕೋಟೆಗಳಲ್ಲಿ ಬೇಲಿಯ ಚಿತ್ರವೂ ಉಂಟು.

ಇಂಥ ಲಕೋಟೆಯನ್ನು ಅಂಚೆಗೆ ಹಾಕುವುದು ಕೇವಲ ವಿನೋದವಾಗಿರಲಿಲ್ಲ. ಅಂದಿನ ಪೋಸ್ಟ್‌ಮಾಸ್ಟರರು ಸಾಮಾನ್ಯವಾಗಿ ಆಳುವ ಪಕ್ಷದ ಕೃಪೆಯಿಂದಲೇ ನೇಮಕಗೊಂಡವರು. ಎದುರು ಪಕ್ಷದವನ ಚಿತ್ರವಿದ್ದ ಲಕೋಟೆ ಅವರ ಕೈಯಿಂದಲೇ ಮೊಹರು ಹಾಕಿಸಿಕೊಂಡು ಹೋಗಬೇಕಾಗಿತ್ತು. ಕಳುಹಿಸಿದವನ ಒಲವು ಯಾರ ಕಡೆಗೆಂದು ದಾರಿಯುದ್ದಕ್ಕೂ ಎಲ್ಲರಿಗೂ ತಿಳಿಯುತ್ತಿತ್ತು.

ಆದುದರಿಂದಲೇ ಸಂಗ್ರಾಹಕರು ಬಳಸದ ಲಕೋಟೆಗಿಂತ, ಅಂಚೆಯಲ್ಲಿ ನಿಜವಾಗಿ ಸಾಗಿಬಂದ ಲಕೋಟೆಯನ್ನು ಹೆಚ್ಚಾಗಿ ಮನ್ನಿಸುತ್ತಾರೆ. ಅಂಥವು ಉಳಿದಿರುವುದೇ ಕಡಮೆ. ಅಂಚೆಚೀಟಿಯ ಆಸೆಗೆ ಕತ್ತರಿ ಹಾಕಿಸಿಕೊಂಡು ಹಾಳಾದವು ಎಷ್ಟೋ! ಉಳಿದವುಗಳ ಕಾಲನಿರ್ಣಯವೂ ಸುಲಭವಲ್ಲ. ಅಂದಿನ ಅನೇಕ ಮೊಹರುಗಳಲ್ಲಿ ತಿಂಗಳು, ತಾರೀಖುಗಳಿವೆ, ಇಸವಿಯಿಲ್ಲ. ಒಳಗಿನ ಪತ್ರ, ಹಚ್ಚಿದ ಅಂಚೆಚೀಟಿ, ಪಡೆದವನು ಅಂಚಿನಲ್ಲಿ ಗೀಚಿಟ್ಟ ಟಿಪ್ಪಣಿ ಇವುಗಳಿಂದ ಇಸವಿಯನ್ನು ಊಹಿಸಬೇಕು.

ಇಷ್ಟು ಶ್ರಮವೇಕೆ? 1860ರ ನವೆಂಬರ್ 6ರಂದು ಮತದಾನ ನಡೆಯಿತು. ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ದೇಶಗಳಲ್ಲಿಯೂ ಉಂಟು. ಆ ದಿನಕ್ಕೆ ಮುಂಚಿನ ಮೊಹರಿದ್ದರೆ, ಲಕೋಟೆಯನ್ನು ಕಳುಹಿಸಿದವನು ಆ ಗುಂಪಿನವನಲ್ಲವೆಂಬುದಕ್ಕೆ ಅದೇ ಸಾಕ್ಷಿ.