ಚೆನ್ನಾಗಿಲ್ಲ ಅಂದರೆ ಕುಂಚ ಎತ್ತಿಡಬೇಕೇ?

ಮಧ್ಯಾಹ್ನ ಎರಡು ಗಂಟೆ. ಊಟದ ಪಾತ್ರೆ ತೊಳೆದು ಬೋರಲು ಹಾಕಿದ್ದಾಯಿತು, ಒಣಗಿದ ಬಟ್ಟೆ ಮಡಿಸಿಟ್ಟಿದ್ದಾಯಿತು. ಮಕ್ಕಳು ಸ್ಕೂಲಿನಿಂದ ಬರಲು ಇನ್ನೂ ಒಂದೂವರೆ ಗಂಟೆ ಇದೆ. ಟಿ.ವಿ. ರಿಮೋಟ್ ಕಡೆ ಹೋಗಬೇಕಾದ ಕೈ ಅಪರೂಪಕ್ಕೆ ಅಟ್ಟದ ಮೇಲಿನ ಬಣ್ಣದ ಡಬ್ಬಿಯ ಕಡೆ ಹೋಗುತ್ತದೆ. ತೆಗೆದು ನೋಡಿದರೆ ಬಣ್ಣ ಒಣಗಿ ಕಲ್ಲಾಗಿದೆ, ಕುಂಚದ ಕೂದಲು ಪೊರಕೆಯಂತೆ ಕೆದರಿದೆ. ಒಂದು ನಿಟ್ಟುಸಿರು ಬಿಟ್ಟು ಹಾಗೇ ಮುಚ್ಚಿ ಮೇಲಿಡುತ್ತೀರಿ...

ನಿಮ್ಮ ಮನೆಯಲ್ಲೂ ಇಂಥದ್ದೊಂದು ಡಬ್ಬಿ ಇದೆಯಲ್ಲವೇ? ಬಣ್ಣದ್ದೇ ಆಗಬೇಕೆಂದಿಲ್ಲ. ಅರ್ಧಕ್ಕೆ ನಿಂತ ಕಸೂತಿ ಸೀರೆ ಇರಬಹುದು, ನಾಲ್ಕು ಕಥೆ ಬರೆದು ಬೀರುವಿನಲ್ಲಿಟ್ಟ ನೋಟ್‌ಬುಕ್ ಇರಬಹುದು. ಯಾಕೆ ನಿಲ್ಲಿಸಿದಿರಿ ಅಂತ ಯಾರಾದರೂ ಕೇಳಿದರೆ ನಮ್ಮೆಲ್ಲರ ಉತ್ತರವೂ ಒಂದೇ, 'ಟೈಮೇ ಸಿಗಲ್ಲ ಕಣ್ರೀ!' ನಾನೂ ಹಾಗೇ ಹೇಳಿಕೊಂಡು ಓಡಾಡುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ ಟೈಮು ಇತ್ತು. ಯಾರೋ ಆಡಿದ ಒಂದು ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಕೂತುಬಿಟ್ಟಿತ್ತು, ಅಷ್ಟೇ.

ಬೀರುವಿನ ಹಿಂದೆ ಎರಡು ವರ್ಷ

ಮಗ ಶಾಲೆಗೆ ಸೇರಿದ ವರ್ಷ ಪಕ್ಕದ ಬೀದಿಯಲ್ಲಿ ಮೈಸೂರು ಶೈಲಿಯ ಚಿತ್ರ ಕಲಿಸುತ್ತಾರೆಂದು ತಿಳಿದು ಸೇರಿಕೊಂಡಿದ್ದೆ. ಆರೇಳು ತಿಂಗಳು ಕಷ್ಟಪಟ್ಟು ಒಂದು ಪುಟ್ಟ ಗಜಲಕ್ಷ್ಮಿ ಬರೆದೆ. ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಅದನ್ನೇ ಫ್ರೇಮ್ ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದೆ. ಬಂದವರೆಲ್ಲ ನೋಡಲಿ ಎಂಬ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ನೋಡಿದರು. ನಮ್ಮೆಜಮಾನರ ದೊಡ್ಡಮ್ಮ ಕನ್ನಡಕ ಮೇಲೆತ್ತಿ ನೋಡಿ, ಹತ್ತು ಜನರೆದುರು ಹೇಳಿದರು, "ಇದಕ್ಕೆ ಆರು ತಿಂಗಳು ಕೂತಿದ್ಯಾ? ಮಗೂನ ಹೋಂವರ್ಕ್ ಯಾರು ನೋಡ್ತಿದ್ರು? ಅಂಗಡೀಲಿ ಇದಕ್ಕಿಂತ ಚೆನ್ನಾಗಿರೋದು ಫ್ರೇಮ್ ಸಮೇತ ಸಿಗತ್ತಲ್ಲೇ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ಪಾತ್ರೆ ತೊಳೆಯುವಾಗ ಸಿಂಕಿನ ಮುಂದೆ ನಿಂತು ಅತ್ತೆ. ಮರುದಿನ ಚಿತ್ರ ಬೀರುವಿನ ಹಿಂದೆ ಹೋಯಿತು. ಕ್ಲಾಸಿಗೆ 'ಹುಷಾರಿಲ್ಲ' ಅಂತ ಹೇಳಿ ಕಳಿಸಿದೆ. ಅಲ್ಲಿಗೆ ಎರಡು ವರ್ಷ ಕುಂಚ ಮುಟ್ಟಲಿಲ್ಲ.

ಒಂದು ದಿನ ಮಗ ಕ್ರಿಕೆಟ್ ಬ್ಯಾಟ್ ಹುಡುಕುತ್ತಾ ಬೀರುವಿನ ಹಿಂದಿನಿಂದ ಅದನ್ನು ಎಳೆದುಕೊಂಡು ಬಂದ. ಧೂಳು ಒರೆಸಿ, "ಅಮ್ಮಾ, ಇದು ನೀನು ಬರ್ದಿದ್ದಾ?" ಎಂದು ತುಂಬಾ ಹೊತ್ತು ನೋಡಿದ. ಆಮೇಲೆ, "ಈ ಕಡೆ ಆನೆಗೆ ಕಣ್ಣೇ ಇಲ್ಲ!" ಅಂದ. ಹೌದು! ಗೃಹಪ್ರವೇಶದ ಗಡಿಬಿಡಿಯಲ್ಲಿ ಎಡಗಡೆಯ ಆನೆಯ ಕಣ್ಣು ಬರೆಯುವುದೇ ಮರೆತಿದ್ದೆ. ಅಷ್ಟು ಜನ ನೋಡಿದ್ದರಲ್ಲಿ ಒಬ್ಬರಿಗೂ ಕಂಡಿರಲಿಲ್ಲ, ನನಗೂ ಸೇರಿ. ಅವತ್ತೇ ಫ್ರೇಮ್ ಬಿಚ್ಚಿ, ಹೊಸ ಕುಂಚ ತಂದು ಕಣ್ಣು ಬರೆದೆ. ಮುಂದಿನ ವಾರ ಮತ್ತೆ ಕ್ಲಾಸಿಗೆ ಹೋದೆ.

ಅಲ್ಲಿ ನಮ್ಮ ಟೀಚರ್ ಏನು ಮಾಡಿದರು ಗೊತ್ತೇ? ನಾನು ಎರಡು ದಿನ ಕೂತು ಬರೆದ ಸರಸ್ವತಿಯ ಮುಖವನ್ನು ನೋಡಿ, "ಹಣೆ ಹೆಚ್ಚಾಗಿದೆ, ಗಲ್ಲ ಸಾಲದು, ಮುಖ ಪೂರ್ತಿ ಅಳಿಸಿಬಿಡಿ" ಅಂದರು. ದೊಡ್ಡಮ್ಮನ ಮಾತಿಗಿಂತ ಇದು ಕಟುವಾದ ಮಾತು. ಆದರೂ ಅಳು ಬರಲಿಲ್ಲ. ರಬ್ಬರ್ ತೆಗೆದುಕೊಂಡು ಅಳಿಸಿದೆ. ಯಾಕೆ ಹೀಗೆ ಅಂತ ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ.

ದೊಡ್ಡಮ್ಮನ ಮಾತಿನಲ್ಲಿ ನನ್ನ ಟೈಮು ಇತ್ತು, ಮಗನ ಹೋಂವರ್ಕ್ ಇತ್ತು, ಅಂಗಡಿ ಇತ್ತು. ಚಿತ್ರ ಮಾತ್ರ ಇರಲಿಲ್ಲ! ಟೀಚರ್ ಮಾತಿನಲ್ಲಿ ನಾನು ಇರಲಿಲ್ಲ, ಹಣೆ, ಗಲ್ಲ ಇದ್ದವು. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ, ನೀವೂ ಮಾಡಿ ನೋಡಿ. ಯಾರೇ ಏನೇ ಹೇಳಲಿ, 'ಈ ಮಾತನ್ನು ಇಟ್ಟುಕೊಂಡು ನಾಳೆ ಬೆಳಗ್ಗೆ ಕುಂಚ ಹಿಡಿದು ನಾನು ಏನಾದರೂ ಮಾಡಬಹುದೇ?' ಎಂದು ಕೇಳಿಕೊಳ್ಳಿ. ಮಾಡಬಹುದು ಅಂತಾದರೆ ಒಂದು ಪುಸ್ತಕದಲ್ಲಿ ಬರೆದಿಡಿ, ಹೇಳಿದವರು ಎಷ್ಟೇ ಒರಟಾಗಿ ಹೇಳಿರಲಿ. ಮಾಡಲು ಏನೂ ಇಲ್ಲ ಅಂತಾದರೆ ಆ ಮಾತಿಗೂ ನಿಮ್ಮ ಚಿತ್ರಕ್ಕೂ ಸಂಬಂಧವಿಲ್ಲ. ನೋವಾಗುವುದಿಲ್ಲ ಅಂತ ನಾನು ಹೇಳುವುದಿಲ್ಲ, ಆಗುತ್ತದೆ. ಆದರೆ ಕುಂಚ ಎತ್ತಿಡುವಷ್ಟು ಆಗುವುದಿಲ್ಲ.

ಮೈಸೂರು ಚಿತ್ರಕಲೆಯ ಚರಿತ್ರೆ ತಿಳಿದ ಮೇಲಂತೂ ನನಗೆ ಇನ್ನೂ ಧೈರ್ಯ ಬಂತು. 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಕಲೆಗೆ ಅರಮನೆಯ ದೊಡ್ಡ ಆಶ್ರಯ ಸಿಕ್ಕಿತು. ಅವರ ಆಸ್ಥಾನದಲ್ಲೇ ಸಿದ್ಧವಾದ 'ಶ್ರೀತತ್ತ್ವನಿಧಿ' ಎಂಬ ಒಂಬತ್ತು ಭಾಗಗಳ ಗ್ರಂಥದಲ್ಲಿ ಯಾವ ದೇವತೆಗೆ ಎಷ್ಟು ಕೈ, ಕೈಯಲ್ಲಿ ಏನಿರಬೇಕು, ಮೈಬಣ್ಣ ಯಾವುದು ಎಂಬ ವಿವರಗಳಿವೆ. ಮುಖದ ಉದ್ದವನ್ನೇ ಅಳತೆಗೋಲಾಗಿಟ್ಟುಕೊಂಡು ಇಡೀ ದೇಹವನ್ನು ಅಳೆಯುವ ತಾಳಮಾನದ ಲೆಕ್ಕ ಅದಕ್ಕಿಂತಲೂ ಹಳೆಯದು. ಹಾಗಾಗಿ 'ಕೈ ಉದ್ದವಾಯಿತು' ಎಂದರೆ ಅದು ಬರೆದವನಿಗೆ ಅವಮಾನವಲ್ಲ, ಅಳತೆ ತಪ್ಪಿದೆ ಅಂತ ಅರ್ಥ. ಅಂದಹಾಗೆ, ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಬರೆದವರ ಹೆಸರೇ ಇಲ್ಲ! ನಾವಾದರೋ ಮೊದಲ ಚಿತ್ರದ ಮೂಲೆಯಲ್ಲೇ ಎರಡಿಂಚಿನ ಸಹಿ ಹಾಕುತ್ತೇವೆ.

ಯಾವಾಗ ತೋರಿಸಬೇಕು?

ದೋಸೆ ಹಿಟ್ಟು ರುಬ್ಬಿಟ್ಟು ಗಂಟೆಗೊಮ್ಮೆ ಮುಚ್ಚಳ ತೆಗೆದು ಕದಡುತ್ತಿದ್ದರೆ ಅದು ಹುದುಗು ಬರುತ್ತದೆಯೇ? ಚಿತ್ರವೂ ಹಾಗೇ. ಮೈಸೂರು ಶೈಲಿಯಲ್ಲಿ ಮೊದಲು ರೇಖೆ. ಹಿಂದಿನವರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ಬರೆಯುತ್ತಿದ್ದರು, ನಮಗೆ ಪೆನ್ಸಿಲ್. ಆಮೇಲೆ ಬಿಳಿ ಪುಡಿಯನ್ನು ಗೋಂದಿನಲ್ಲಿ ಕಲಸಿ, ಸಣ್ಣ ಕುಂಚದಿಂದ ಒಡವೆ, ಕಿರೀಟ, ಸೀರೆಯ ಅಂಚನ್ನೆಲ್ಲ ಉಬ್ಬಿಸಬೇಕು. ಇದಕ್ಕೆ ಗೆಸ್ಸೊ ಕೆಲಸ ಅನ್ನುತ್ತಾರೆ. ತಂಜಾವೂರು ಚಿತ್ರದಷ್ಟು ದಪ್ಪಗೆ ಇಲ್ಲಿ ಉಬ್ಬಿಸುವುದಿಲ್ಲ, ತೆಳುವಾಗಿಯೇ ಇರಬೇಕು. ಅದು ಒಣಗಿದ ಮೇಲೆ ಚಿನ್ನದ ರೇಕು ಅಂಟಿಸುವುದು, ನಂತರ ಬಣ್ಣ, ಕೊನೆಗೆ ಗೆರೆ ತಿದ್ದುವುದು. ಗೆಸ್ಸೊ ಮುಗಿದು ಬಣ್ಣ ಹಾಕದ ಹಂತದಲ್ಲಿ ಎಂಥ ಒಳ್ಳೆಯ ಚಿತ್ರವೂ ಮೈಮೇಲೆ ಗುಳ್ಳೆ ಎದ್ದಂತೆ ಕಾಣುತ್ತದೆ. ಆ ಹಂತದಲ್ಲಿ ಅದನ್ನು ಹಾಲಿನಲ್ಲಿಟ್ಟರೆ 'ಅಯ್ಯೋ, ಇದೇನಿದು?' ಅನ್ನದವರು ಯಾರು? ಮೊಬೈಲಿನಲ್ಲಿ ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಬೇಕು ಅಂತ ಬೆರಳು ತುರಿಸುತ್ತದೆ, ನನಗೆ ಗೊತ್ತು. ತಡೆದುಕೊಳ್ಳಿ.

ಆದರೆ ತಿದ್ದುವವರಿಗೆ ಮಾತ್ರ ಬೇಗ ತೋರಿಸಬೇಕು. ಪೆನ್ಸಿಲ್ ರೇಖೆಯಲ್ಲಿ ತಪ್ಪಿದ್ದರೆ ರಬ್ಬರ್ ಸಾಕು. ಚಿನ್ನದ ರೇಕು ಹಾಕಿದ ಮೇಲೆ ಕಿರೀಟ ಓರೆಯಾಗಿದೆ ಅಂತ ಗೊತ್ತಾದರೆ? ರೇಕಿನ ದುಡ್ಡು ನೆನೆದೇ ಜ್ವರ ಬರುತ್ತದೆ! ಒಟ್ಟಿನಲ್ಲಿ ಬಲ್ಲವರಿಗೆ ರೇಖೆ ತೋರಿಸಿ, ಮಿಕ್ಕವರಿಗೆ ಮುಗಿದ ಚಿತ್ರ ತೋರಿಸಿ. ನಾವು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತೇವೆ. ಅರ್ಧ ಚಿತ್ರವನ್ನು ಬಂದವರಿಗೆಲ್ಲ ತೋರಿಸುತ್ತೇವೆ, ಟೀಚರಿಗೆ ಮಾತ್ರ 'ಇನ್ನೂ ಸ್ವಲ್ಪ ಚೆನ್ನಾಗಾಗಲಿ' ಅಂತ ಮುಚ್ಚಿಡುತ್ತೇವೆ.

ಬಲ್ಲವರು ಎಂದರೆ ದೊಡ್ಡ ಕಲಾವಿದರೇ ಆಗಬೇಕಾಗಿಲ್ಲ. ನಮ್ಮತ್ತೆ ಒಂದು ದಿನವೂ ಕುಂಚ ಹಿಡಿದವರಲ್ಲ. ಆದರೆ ಐವತ್ತು ವರ್ಷದಿಂದ ಬಾಗಿಲಿಗೆ ಚುಕ್ಕಿ ರಂಗೋಲಿ ಇಡುತ್ತಿದ್ದಾರೆ. ಎರಡು ಕಡೆ ಸಮ ಇದೆಯೇ ಇಲ್ಲವೇ ಎಂದು ಅವರ ಕಣ್ಣಿಗೆ ತಕ್ಷಣ ತಿಳಿಯುತ್ತದೆ. "ಎಡಗಡೆ ಭುಜ ಇಳಿದಿದೆ ನೋಡಮ್ಮ" ಅಂದರೆ ಇಳಿದೇ ಇರುತ್ತದೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕನ್ನಡಿ ಇದೆ! ಬರೆದ ರೇಖೆಯನ್ನು ಡ್ರೆಸಿಂಗ್ ಟೇಬಲ್ ಮುಂದೆ ಹಿಡಿದು ಕನ್ನಡಿಯಲ್ಲಿ ನೋಡಿ. ಎಡ ಬಲವಾದಾಗ ಓರೆಕೋರೆಗಳೆಲ್ಲ ಎದ್ದು ಕಾಣುತ್ತವೆ. ತಲೆಕೆಳಗಾಗಿ ಇಟ್ಟು ನೋಡಿದರೂ ಸರಿಯೇ.

ಕೇಳುವ ರೀತಿಯೂ ಮುಖ್ಯ. 'ಹೇಗಿದೆ?' ಅಂತ ಕೇಳಿದರೆ ಯಜಮಾನರು ಪೇಪರಿನಿಂದ ತಲೆ ಎತ್ತದೆ 'ಚೆನ್ನಾಗಿದೆ' ಅನ್ನುತ್ತಾರೆ. (ಸಾರು ಹೇಗಿದೆ ಅಂದಾಗಲೂ ಅದೇ ಉತ್ತರ, ಉಪ್ಪು ಹಾಕಿರದಿದ್ದರೂ!) ಅದರ ಬದಲು, 'ಈ ಎರಡು ಕಣ್ಣಲ್ಲಿ ಯಾವುದು ದೊಡ್ಡದಾಗಿ ಕಾಣತ್ತೆ?' ಅಂತ ಕೇಳಿ. ಪೇಪರ್ ಕೆಳಗಿಟ್ಟು ನೋಡಲೇಬೇಕಾಗುತ್ತದೆ.

ಹೊಗಳಿಕೆಯೂ ಅಷ್ಟೇ

'ಸೂಪರ್!', 'ಎಷ್ಟು ಚೆನ್ನಾಗಿದೆ ಕಣೇ!' ಇವನ್ನು ಕೇಳಿದರೆ ಹಿತವೇ. ಬೇಡ ಅನ್ನಬೇಡಿ, ಒಂದು ದಿನ ಖುಷಿಪಡಿ. ಆದರೆ ಆ ಮಾತಿನಿಂದಲೂ ನಾಳೆ ಬೆಳಗ್ಗೆ ಮಾಡಲು ಏನೂ ಸಿಗುವುದಿಲ್ಲ. ನನ್ನ ಜೊತೆ ಕಲಿಯುತ್ತಿದ್ದ ಒಬ್ಬರಿಗೆ ಅವರ ಮೊದಲ ಗಣಪತಿಗೆ ಸಿಕ್ಕ ಹೊಗಳಿಕೆ ಎಷ್ಟಿತ್ತೆಂದರೆ, ಎರಡನೆಯದಕ್ಕೆ ಅಷ್ಟು ಸಿಗದಿದ್ದರೆ ಎಂಬ ಹೆದರಿಕೆಯಲ್ಲೇ ಅವರು ಮತ್ತೆ ಬರೆಯಲಿಲ್ಲ. ಬೈಗುಳದಿಂದ ನಿಂತದ್ದು ನಾನು, ಹೊಗಳಿಕೆಯಿಂದ ನಿಂತದ್ದು ಅವರು.

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿವರ್ಷ ಜನವರಿಯಲ್ಲಿ ಒಂದು ಭಾನುವಾರ ಚಿತ್ರಸಂತೆ ನಡೆಸುತ್ತದೆ. ನೀವು ಒಮ್ಮೆ ಹೋಗಿ ಬನ್ನಿ, ಚಿತ್ರ ನೋಡುವುದರ ಜೊತೆಗೆ ಕಲಾವಿದರ ಪಕ್ಕದಲ್ಲಿ ನಿಂತು ಜನರ ಮಾತನ್ನೂ ಕೇಳಿ. ಬೆಳಗಿನಿಂದ ಸಂಜೆಯವರೆಗೆ 'ಇದಕ್ಕೆ ಇಷ್ಟಾ?', 'ಸೋಫಾಗೆ ಮ್ಯಾಚ್ ಆಗಲ್ಲ', 'ನಮ್ಮ ಮಗಳೂ ಹೀಗೇ ಬರೀತಾಳೆ' ಇದೇ! ಅಲ್ಲೊಬ್ಬ ಹೆಂಗಸು ನಗುನಗುತ್ತಾ ಎಲ್ಲರಿಗೂ ಉತ್ತರ ಕೊಡುತ್ತಾ, ಆಗಾಗ ಪುಟ್ಟ ಡೈರಿಯಲ್ಲಿ ಏನೋ ಗುರುತು ಹಾಕುತ್ತಿದ್ದರು. ಕೇಳಿದೆ. "ಒಬ್ಬರು ಹೇಳಿದ್ದಕ್ಕೆ ತಲೆ ಕೆಡಿಸ್ಕೊಳಲ್ಲ. ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಮೂರು ಜನ ಒಂದೇ ಚಿತ್ರದ ಒಂದೇ ಜಾಗ ತೋರಿಸಿ ಹೇಳಿದ್ರೆ ಮನೆಗೆ ಹೋಗಿ ನೋಡ್ತೀನಿ" ಅಂದರು. ಆ ದಿನದ ಪುಟದಲ್ಲಿ ಮೂರು ಗೆರೆ ಬಿದ್ದದ್ದು ಒಂದೇ ಕಡೆ, ಒಂದು ಕೆರೆಯ ಚಿತ್ರದ ನೀರಿನ ಬಣ್ಣಕ್ಕೆ.

ಮಾತನ್ನು ತಡೆದುಕೊಳ್ಳುವ ಶಕ್ತಿ ಬರಬೇಕಾದರೆ ಯಾರೂ ನೋಡದ ಕೆಲಸವೂ ಸ್ವಲ್ಪ ಇರಬೇಕು. ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ದಿನಕ್ಕೆ ಹದಿನೈದು ನಿಮಿಷ, ಬರೀ ಗೆರೆ. ಕುಂಚದಲ್ಲಿ ಒಂದೇ ಉಸಿರಿಗೆ ಎಳೆದ ಬಾಗುಗೆರೆ, ಸೀರೆಯ ನೆರಿಗೆ, ಬೆರಳು. ಕೆಟ್ಟದಾಗಿ ಬಂದರೂ ಹರಿಯುವುದಿಲ್ಲ, ಯಾರಿಗೂ ತೋರಿಸುವುದೂ ಇಲ್ಲ. ರಂಗೋಲಿಯನ್ನು ನೆನಪಿಸಿಕೊಳ್ಳಿ. ಬೆಳಗ್ಗೆ ಇಟ್ಟದ್ದು ಸಂಜೆಗೆ ಅಳಿಸಿ ಹೋಗುತ್ತದೆ, ಅದಕ್ಕೆ ಯಾರ ಸರ್ಟಿಫಿಕೇಟೂ ಬೇಕಾಗಿಲ್ಲ. ಆದರೂ ವರ್ಷ ಕಳೆಯುವುದರಲ್ಲಿ ಕೈ ಪಳಗಿರುತ್ತದೆ. ಸಾಮಾನು ಇಡಲು ಪ್ರತ್ಯೇಕ ರೂಮು ಬೇಕೆಂದೇನೂ ಇಲ್ಲ. ಉಪ್ಪಿನಕಾಯಿ ಬಾಟಲಿಯಲ್ಲಿ ಕುಂಚ, ಬಿಸ್ಕತ್ ಡಬ್ಬಿಯಲ್ಲಿ ಬಣ್ಣ, ಒಂದು ಮಣೆ. ಆದರೆ ಅಟ್ಟದ ಮೇಲೆ ಬೇಡ, ಕೈಗೆ ಸಿಗುವಂತಿರಲಿ. ಸ್ಟೂಲು ಹತ್ತಿ ಇಳಿಸಬೇಕಾದರೆ ಹದಿನೈದು ನಿಮಿಷ ಅದಕ್ಕೇ ಹೋಗುತ್ತದೆ.

'ನಮಗೆಲ್ಲ ವಯಸ್ಸಾಯ್ತು, ಇನ್ನೇನು ಕಲಿಯೋದು?' ಅನ್ನುವವರಿಗೆ ನಾನು ಎಂ.ಕೆ. ಇಂದಿರಾ ಅವರ ವಿಷಯ ಹೇಳುತ್ತೇನೆ. 1917ರಲ್ಲಿ ಹುಟ್ಟಿದ ಅವರಿಗೆ ಹನ್ನೆರಡು ತುಂಬುವ ಹೊತ್ತಿಗೆ ಮದುವೆ, ಓದು ಅಲ್ಲಿಗೇ ನಿಂತಿತು. ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. ಲೆಕ್ಕ ಹಾಕಿ, ನಲವತ್ತೈದು ದಾಟಿತ್ತು! 'ಗೆಜ್ಜೆಪೂಜೆ', 'ಫಣಿಯಮ್ಮ' ಎಲ್ಲ ಬಂದದ್ದು ಆಮೇಲೆಯೇ.

ಇನ್ನು ನಮ್ಮ ದೊಡ್ಡಮ್ಮನ ವಿಷಯ. ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಬಂದಿದ್ದರು. ಹಾಲಿನಲ್ಲಿ ಈಗ ಗಜಲಕ್ಷ್ಮಿಯ ಪಕ್ಕ ಇನ್ನೊಂದು ದೊಡ್ಡ ಲಕ್ಷ್ಮಿ ಇದ್ದಾಳೆ. ಕನ್ನಡಕ ಮೇಲೆತ್ತಿ ನೋಡಿ, "ಇನ್ನೂ ಬಿಟ್ಟಿಲ್ವಾ ಇದನ್ನ? ಅದೇನೋ, ಮುಖದಲ್ಲಿ ಕಳೆ ಇಲ್ಲ ಕಣೆ" ಅಂದರು. ಎದೆ ಒಂದು ಸಲ ಹೊಡೆದುಕೊಂಡಿತು. ಕಾಫಿ ಲೋಟ ಕೈಗಿಟ್ಟು, "ಮುಖದಲ್ಲಿ ಎಲ್ಲಿ ಸರಿಯಿಲ್ಲ, ತೋರ್ಸಿ ದೊಡ್ಡಮ್ಮ" ಅಂದೆ. ಅವರು ಎದ್ದು ಹತ್ತಿರ ಹೋದರು, ತುಂಬ ಹೊತ್ತು ನೋಡಿದರು. "ಅಲ್ವೇ, ಮೈತುಂಬ ಒಡವೆ ಹಾಕಿದ್ದೀಯ, ಮೂಗುಬೊಟ್ಟೇ ಇಲ್ವಲ್ಲೇ ಲಕ್ಷ್ಮಿಗೆ!"

ಇರಲಿಲ್ಲ. ನೆಂಟರೆಲ್ಲ ಹೊರಟ ಮೇಲೆ, ರಾತ್ರಿ ಹತ್ತು ಗಂಟೆಗೆ ಚಿತ್ರ ಇಳಿಸಿಕೊಂಡು ಕೂತೆ.