ನದಿ ಪಂಪ್‌ಸೆಟ್‌ಗಳಲ್ಲಿ ಕ್ಯಾವಿಟೇಶನ್

ಹರಿಯುವ ದ್ರವದಲ್ಲಿ ಒತ್ತಡವು ಒಂದು ಮಿತಿಗಿಂತ ಕೆಳಗಿಳಿದಾಗ ಆವಿಯ ಗುಳ್ಳೆಗಳು ಹುಟ್ಟಿ, ಒತ್ತಡ ಹೆಚ್ಚಿರುವ ಭಾಗವನ್ನು ತಲುಪಿದೊಡನೆ ಅವು ಕುಸಿದು ಹೋಗುವ ವಿದ್ಯಮಾನವನ್ನು ಕ್ಯಾವಿಟೇಶನ್ ಎನ್ನುತ್ತಾರೆ. ಹಡಗಿನ ಪ್ರೊಪೆಲ್ಲರ್, ಜಲವಿದ್ಯುತ್ ಟರ್ಬೈನ್, ಜೆಟ್ ದೋಣಿ, ನೀರೆತ್ತುವ ಪಂಪ್ ಎಲ್ಲವೂ ಇದಕ್ಕೆ ಈಡಾಗುತ್ತವೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಕೃಷ್ಣಾ, ಘಟಪ್ರಭಾ ನದಿಗಳಿಂದ ಕಬ್ಬಿನ ಹೊಲಗಳಿಗೆ ನೀರೆತ್ತುವ ದಂಡೆಯ ಪಂಪ್‌ಸೆಟ್‌ಗಳಿಗೆ ಇದು ಮುಖ್ಯವಾಗಿ ಬೇಸಿಗೆಯ ಕಾಯಿಲೆ.

ಕಾರಣ

ಪಂಪ್ ನೀರನ್ನು ಎಳೆಯುತ್ತದೆ ಎಂಬುದು ರೂಢಿಯ ಮಾತು. ವಾಸ್ತವದಲ್ಲಿ ಪಂಪ್ ತನ್ನ ಬಾಯಿಯಲ್ಲಿ ಒತ್ತಡವನ್ನು ತಗ್ಗಿಸುತ್ತದೆ. ನದಿಯ ಮೇಲ್ಮೈಯನ್ನು ಒತ್ತುತ್ತಿರುವ ವಾತಾವರಣವೇ ನೀರನ್ನು ಸಕ್ಷನ್ ಪೈಪಿನೊಳಗೆ ನೂಕುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡ ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟವೇ 519.60 ಮೀಟರ್ ಇರುವ ಈ ಸೀಮೆಯಲ್ಲಿ ಅದು ಸುಮಾರು 9.7 ಮೀಟರ್‌ಗೆ ಇಳಿಯುತ್ತದೆ. ನೀರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿದ್ದರೆ ಅದರ ಆವಿ ಒತ್ತಡಕ್ಕೆಂದು ಇನ್ನೂ 0.4 ಮೀಟರ್ ಕಳೆಯಬೇಕು.

ಉದಾಹರಣೆಗೆ, ಪಂಪ್ ನದಿಯ ನೀರಿಗಿಂತ 2 ಮೀಟರ್ ಮೇಲಿದ್ದು, ಫುಟ್ ವಾಲ್ವ್, ಬೆಂಡ್ ಮತ್ತು ಪೈಪಿನ ಘರ್ಷಣೆಯಲ್ಲಿ 1.5 ಮೀಟರ್ ವ್ಯಯವಾದರೆ 5.8 ಮೀಟರ್ ಉಳಿಯುತ್ತದೆ. ಬೇಸಿಗೆಯಲ್ಲಿ ನೀರು ಪಂಪಿಗಿಂತ 6 ಮೀಟರ್ ಕೆಳಗಿನ ಮಟ್ಟಕ್ಕೆ ಇಳಿದರೆ ಉಳಿಯುವುದು 1.8 ಮೀಟರ್ ಮಾತ್ರ. ಆ ಪಂಪ್‌ಗೆ 3 ಮೀಟರ್ ಅವಶ್ಯವಿದ್ದರೆ ಇಂಪೆಲ್ಲರ್‌ನ ಬಾಯಿಯಲ್ಲಿ ನೀರು ತಣ್ಣಗಿದ್ದೂ ಕುದಿಯತೊಡಗುತ್ತದೆ.

ಹಾಗಾದರೆ ಪಂಪನ್ನು ಮೊದಲೇ ಕೆಳಗಿಡಬಾರದೇಕೆ ಎಂಬ ಪ್ರಶ್ನೆಗೆ ನದಿಯೇ ಉತ್ತರ. ಮಳೆಗಾಲದ ಪ್ರವಾಹಕ್ಕೆ ಅಂಜಿ ಮೋಟಾರುಗಳನ್ನು ದಂಡೆಯ ಎತ್ತರದಲ್ಲಿ ಕೂಡಿಸುವುದು ರೈತರ ಪದ್ಧತಿ. ಆಗಸ್ಟ್ 2019ರ ನೆರೆಯನ್ನು ಕಂಡವರಿಗೆ ಈ ಅಂಜಿಕೆ ಅತಿಯೆನಿಸದು. ಆದರೆ ಆಗಸ್ಟ್‌ನಲ್ಲಿ ಮೋಟಾರನ್ನು ಉಳಿಸುವ ಎತ್ತರವೇ ಏಪ್ರಿಲ್‌ನಲ್ಲಿ ಇಂಪೆಲ್ಲರನ್ನು ತಿನ್ನುತ್ತದೆ. ಆಲಮಟ್ಟಿಯ ಹಿನ್ನೀರು ಸರಿಯುವ ಬೀಳಗಿ ಭಾಗದಲ್ಲಿ ನೀರು ಕೆಳಗಿಳಿಯುವುದಷ್ಟೇ ಅಲ್ಲ, ದೂರವೂ ಹೋಗುತ್ತದೆ. ಅದನ್ನು ಬೆನ್ನಟ್ಟಿ ಸಕ್ಷನ್ ಪೈಪನ್ನು ಉದ್ದಮಾಡಿದಷ್ಟೂ ಘರ್ಷಣೆ ಹೆಚ್ಚುತ್ತದೆ.

ಪತ್ತೆ ಹಚ್ಚುವ ಬಗೆ

ಪಂಪಿನೊಳಗೆ ಗರಸು ಸುರಿದಂತೆ ಕರಕರ ಸದ್ದು, ನಡುಕ ಮತ್ತು ನೀರಿನ ಇಳುವರಿ ಕುಗ್ಗುವುದು ಇದರ ಲಕ್ಷಣಗಳು. ತೊಂದರೆಯೆಂದರೆ, ಸಕ್ಷನ್ ಪೈಪಿನ ಜೋಡಣೆಯಲ್ಲಿ ಅಥವಾ ಗ್ಲ್ಯಾಂಡ್‌ನಲ್ಲಿ ಹೊರಗಿನ ಗಾಳಿ ನುಸುಳಿದಾಗಲೂ ಸದ್ದು ಬರುತ್ತದೆ, ನೀರು ಕಡಿಮೆಯಾಗುತ್ತದೆ. ಇವೆರಡೂ ಬೇರೆ ಬೇರೆ ದೋಷಗಳು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಬೆಳೆ ಬಾಡುವ ದಿನಗಳಲ್ಲಿ ತಪ್ಪು ರಿಪೇರಿಗೆ ಹಣದ ಜೊತೆಗೆ ಒಂದು ಸರದಿಯ ನೀರೂ ಹೋಗುತ್ತದೆ.

ಸಕ್ಷನ್ ಕಡೆಗೆ ಕೂಡಿಸಿದ ನಿರ್ವಾತ ಮಾಪಕವು ಇವನ್ನು ಬೇರ್ಪಡಿಸಲು ನೆರವಾಗುತ್ತದೆ. ಮುಳ್ಳು ಎಂದಿಗಿಂತ ಹೆಚ್ಚಿನ ನಿರ್ವಾತವನ್ನು ತೋರಿಸಿದರೆ ನೀರು ಬಹಳ ಕೆಳಗಿಳಿದಿದೆ ಅಥವಾ ಫುಟ್ ವಾಲ್ವಿನ ಜಾಳಿಗೆಯಲ್ಲಿ ಕಸ, ಹೂಳು ಕಟ್ಟಿದೆ. ಕಡಿಮೆ ತೋರಿಸುತ್ತ ಮುಳ್ಳು ಅದುರುತ್ತಿದ್ದರೆ ಗಾಳಿಯ ಸೋರಿಕೆಯನ್ನು ಶಂಕಿಸಬೇಕು. ಮಾಪಕವಿಲ್ಲದಿದ್ದಲ್ಲಿ ಡೆಲಿವರಿ ವಾಲ್ವನ್ನು ಸ್ವಲ್ಪ ಮುಚ್ಚಿ ನೋಡುವುದುಂಟು: ಹರಿವು ತಗ್ಗಿದೊಡನೆ ಕರಕರ ಇಳಿದರೆ ಅದು ಬಹುಮಟ್ಟಿಗೆ ಕ್ಯಾವಿಟೇಶನ್. ಗಾಳಿ ನುಸುಳುವ ಜಾಗವನ್ನು ಹುಡುಕಲು ಜೋಡಣೆಗಳಿಗೆ ಒಂದೊಂದಾಗಿ ಗ್ರೀಸ್ ಮೆತ್ತಿ ಸದ್ದು ಬದಲಾಗುವುದನ್ನು ಗಮನಿಸಬೇಕು. ಪೈಪಿನ ಬಾಯಿಯ ಬಳಿ ನೀರು ಸುಳಿಯಾಗಿ ತಿರುಗುತ್ತಿದ್ದರೆ ಗಾಳಿ ಅಲ್ಲಿಂದಲೇ ಇಳಿಯುತ್ತಿರುತ್ತದೆ. ಬಾಯಿಯನ್ನು ಇನ್ನಷ್ಟು ಆಳಕ್ಕೆ ಮುಳುಗಿಸಬೇಕು.

ಬಿಚ್ಚಿದ ಇಂಪೆಲ್ಲರ್ ಕೂಡ ಸಾಕ್ಷಿ ಹೇಳುತ್ತದೆ. ಕ್ಯಾವಿಟೇಶನ್ ಆದ ಲೋಹವು ಗೆದ್ದಲು ತಿಂದ ಕಟ್ಟಿಗೆಯಂತೆ, ಅಲಗುಗಳು ಆರಂಭವಾಗುವ ಕಡೆ ಸಣ್ಣ ಸಣ್ಣ ಗುಳಿಗಳಾಗಿ ತೂತುಬಿದ್ದಿರುತ್ತದೆ. ನದಿಯ ಮರಳು ಸವೆಸಿದ ಲೋಹವು ನೀರಿನ ಹರಿವಿನ ಜಾಡಿನಲ್ಲಿ ನುಣುಪಾಗಿ ತೆಳ್ಳಗಾಗಿರುತ್ತದೆ. ಹಳೆಯ ಇಂಪೆಲ್ಲರನ್ನು ಗುಜರಿಗೆ ಹಾಕುವ ಮುನ್ನ ಇದನ್ನು ನೋಡದಿದ್ದರೆ ಹೊಸದೂ ಅದೇ ಗತಿಯನ್ನು ಕಾಣುತ್ತದೆ.

ದೋಣಿಗಳಲ್ಲಿ

ಈ ವಿದ್ಯಮಾನ ಮೊದಲು ಗಮನ ಸೆಳೆದದ್ದು ಹಡಗುಗಳಲ್ಲಿ. 1890ರ ದಶಕದಲ್ಲಿ ಬ್ರಿಟನ್ನಿನ ‘ಡೇರಿಂಗ್’ ಯುದ್ಧನೌಕೆ ಮತ್ತು ಚಾರ್ಲ್ಸ್ ಪಾರ್ಸನ್ಸ್ ಅವರ ‘ಟರ್ಬಿನಿಯಾ’ ನಿರೀಕ್ಷಿತ ವೇಗ ಮುಟ್ಟದಿದ್ದುದಕ್ಕೆ ಇದೇ ಕಾರಣವಾಗಿತ್ತು. ಗುಳ್ಳೆ ಕುಸಿಯುವಾಗ ಉಂಟಾಗುವ ಒತ್ತಡದ ಗಣಿತವನ್ನು ಲಾರ್ಡ್ ರೇಲಿ 1917ರಲ್ಲಿ ಪ್ರಕಟಿಸಿದರು. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ 1950ರ ದಶಕದಲ್ಲಿ ಆಳವಿಲ್ಲದ ನದಿಗಳಿಗಾಗಿ ರೂಪಿಸಿದ ಜೆಟ್ ದೋಣಿಯ ಒಡಲಲ್ಲಿರುವುದೂ ಒಂದು ಪಂಪೇ. ಅದರ ಜಾಳಿಗೆಗೆ ಜೊಂಡು ಸಿಕ್ಕಿಕೊಂಡರೆ ಎಂಜಿನ್ ವೇಗವಾಗಿ ತಿರುಗಿದರೂ ದೋಣಿ ಮುಂದೆ ಸಾಗದು. ಅಲ್ಲಿಯೂ ಗಾಳಿ ಸೇರುವುದನ್ನೇ ಕ್ಯಾವಿಟೇಶನ್ ಎಂದು ತಪ್ಪಾಗಿ ಕರೆಯುವುದು ಸಾಮಾನ್ಯ.

ಪರಿಹಾರ

ಪಂಪನ್ನು ನೀರಿಗೆ ಸಮೀಪ ತರುವುದೇ ನೇರವಾದ ಉಪಾಯ. ಬೇಸಿಗೆಗೆ ಕೆಳಗಿನ ಕಟ್ಟೆ, ತೇಲುವ ವೇದಿಕೆ, ಜಾಕ್‌ವೆಲ್, ನೀರಲ್ಲೇ ಮುಳುಗಿರುವ ಸಬ್‌ಮರ್ಸಿಬಲ್ ಪಂಪ್ ಇವೆಲ್ಲ ಅದರ ರೂಪಗಳು. ಸಕ್ಷನ್ ಪೈಪಿನ ವ್ಯಾಸವನ್ನು ಹಿಗ್ಗಿಸುವುದೂ ಫಲಕಾರಿ. ಅಷ್ಟೇ ನೀರಿಗೆ ವ್ಯಾಸ ಇಮ್ಮಡಿಯಾದರೆ ಪೈಪಿನ ಘರ್ಷಣೆ ಸುಮಾರು 32ನೇ ಒಂದು ಪಾಲಿಗೆ ಇಳಿಯುತ್ತದೆ. ಹರಿವನ್ನು ತಗ್ಗಿಸಬೇಕಾದರೆ ಡೆಲಿವರಿ ಕಡೆಯಲ್ಲೇ ತಗ್ಗಿಸಬೇಕು; ಸಕ್ಷನ್ ಕಡೆಯ ವಾಲ್ವನ್ನು ಮುಚ್ಚಿದರೆ ಕಾಯಿಲೆ ಉಲ್ಬಣಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಇಂಪೆಲ್ಲರ್ ಬೀಡುಕಬ್ಬಿಣದ್ದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ಆದರೆ ಗುಳ್ಳೆಗಳನ್ನು ತಡೆಯುವುದಿಲ್ಲ.

ನೀರನ್ನೇ ಪಂಪಿನತ್ತ ಏರಿಸುವ ದಾರಿಯೂ ಇದೆ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಮತ್ತು ಶ್ರಮ ಹಾಕಿ 1989ರಲ್ಲಿ ಜಮಖಂಡಿ ಬಳಿಯ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಕಟ್ಟಿದ ಬ್ಯಾರೇಜ್ ಬೇಸಿಗೆಗೆ ನೀರು ಹಿಡಿದಿಡಲೆಂದು ನಿರ್ಮಾಣವಾದದ್ದು. ಅದರ ಹಿಂದೆ ನೀರು ನಿಂತಿರುವಷ್ಟು ಕಾಲ ದಂಡೆಯ ಪಂಪುಗಳ ಸಕ್ಷನ್ ಎತ್ತರವೂ ಅಷ್ಟರಮಟ್ಟಿಗೆ ಕಡಿಮೆಯಿರುತ್ತದೆ.